ಅಕ್ಕನ ಕಾರಿಗೆ ದುಬಾರಿ ಪೆಟ್ರೋಲು

ಅವನಿಗೆ ಅರವತ್ತು ದಾಟಿತ್ತು, ತಲೆಗೂದಲು ಅರ್ಧಕ್ಕರ್ಧ ಉದುರಿತ್ತು, ಆದರೂ ಬೀದಿಯವರ ಬಾಯಲ್ಲಿ ಅವನು ತಮ್ಮನೇ. ಯಾರ ತಮ್ಮ ಎಂದು ಯಾರೂ ಕೇಳುತ್ತಿರಲಿಲ್ಲ. ಅಕ್ಕನ ತಮ್ಮ, ಅಷ್ಟೇ. ಅಕ್ಕನನ್ನು ಅರಿಯದವರು ಆ ಬೀದಿಯಲ್ಲಿ ಇರಲಿಲ್ಲ, ಆಕೆಯ ಪಕ್ಕದಲ್ಲಿ ಚೀಲ ಹಿಡಿದು ನಿಂತಿರುತ್ತಿದ್ದ ಗಂಡಸನ್ನು ಬೇರೆ ಹೆಸರಿನಿಂದ ಕರೆಯುವ ಅಗತ್ಯವೂ ಯಾರಿಗೂ ಬಿದ್ದಿರಲಿಲ್ಲ. ಅವನಿಗೂ ಅದರಿಂದ ಬೇಸರವಿರಲಿಲ್ಲ. ನಾವೂ ಹಾಗೆಯೇ ಕರೆಯೋಣ.

ಅಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಸಂಬಳ ಕೊಟ್ಟು ಮಾತಾಡಿಸುವ ಕೆಲಸ ಅಂಥ ಮಾತಿನಮಲ್ಲಿಗೇ ಸಿಕ್ಕಿದ್ದು ಅವಳ ಅದೃಷ್ಟವೋ ಊರಿನ ಅದೃಷ್ಟವೋ ಹೇಳಲಾಗದು. ಯಂತ್ರ ಬಂದು ಆಪರೇಟರುಗಳ ಕೆಲಸ ಹೋದಾಗ ಅವಳನ್ನು ದೂರು ಕೇಳುವ ಮೇಜಿಗೆ ಹಾಕಿದರು. ಜಗಳ ಮಾಡಲು ಬಂದವರು ಮನೆಯ ಕಷ್ಟಸುಖ ಹೇಳಿಕೊಂಡು, ದೂರು ಕೊಡುವುದನ್ನೇ ಮರೆತು ಹೋಗುತ್ತಿದ್ದರಂತೆ. ಕೊನೆಗೆ ನಿವೃತ್ತಿಯಾಯಿತು. ಕೆಲಸಕ್ಕೆ ಮಾತ್ರ, ಬಾಯಿಗಲ್ಲ.

ತಮ್ಮ ಇದಕ್ಕೆ ಪೂರ್ತಿ ತದ್ವಿರುದ್ಧ. ಕನ್ನಡಕದ ಅಂಗಡಿಯೊಂದರ ಹಿಂಬದಿಯ ಕೋಣೆಯಲ್ಲಿ ಗಾಜು ಉಜ್ಜುವುದು ಅವನ ಕೆಲಸ. ತಿರುಗುವ ಚಕ್ರ, ಅದರ ಮೇಲೆ ಹನಿಯುವ ನೀರು, ಬೆರಳ ತುದಿಗೆ ಅಂಟಿದ ಬಿಳಿ ಕೆಸರು. ಗಾಜನ್ನು ಫ್ರೇಮಿನ ಅಳತೆಗೆ ತಂದು, ಬೆಳಕಿಗೆ ಹಿಡಿದು ನೋಡಿ, ಬಟ್ಟೆಯಲ್ಲಿ ಒರೆಸಿ, ಗೋಡೆಯ ಕಿಂಡಿಯಲ್ಲಿ ಇಡಬೇಕು. ಆ ಕಡೆಯಿಂದ ಒಂದು ಕೈ ಬಂದು ಅದನ್ನು ತೆಗೆದುಕೊಂಡು ಹೋಗುತ್ತದೆ. ಊರಿನ ಅರ್ಧ ಜನ ಅವನು ಉಜ್ಜಿದ ಗಾಜಿನ ಮೂಲಕ ಲೋಕ ನೋಡುತ್ತಿದ್ದರು. ಅವರಲ್ಲಿ ಒಬ್ಬರ ಮುಖವನ್ನೂ ಅವನು ನೋಡಿರಲಿಲ್ಲ.

ತಾಯಿ ತೀರಿಕೊಂಡಾಗ ತಮ್ಮ ಇನ್ನೂ ಶಾಲೆಗೆ ಸೇರಿರಲಿಲ್ಲ. ಅಕ್ಕನೇ ಮೂಗು ಒರೆಸಿ, ಬೈದು, ಉಣ್ಣಿಸಿ ಸಾಕಿದಳು. ಅವನ ಪರವಾಗಿ ಮಾತಾಡುವ ಕೆಲಸವನ್ನೂ ಆಗಲೇ ವಹಿಸಿಕೊಂಡಳು, ಮತ್ತೆ ಬಿಡಲಿಲ್ಲ. ವೈದ್ಯರು "ಎಲ್ಲಿ ನೋವು" ಎಂದು ಅವನನ್ನು ಕೇಳಿದರೆ ಉತ್ತರ ಅಕ್ಕನಿಂದ ಬರುತ್ತಿತ್ತು. ಅವಳೂ ಮದುವೆಯಾಗಲಿಲ್ಲ, ಅವನೂ ಆಗಲಿಲ್ಲ. ಯಾಕೆಂದು ಕೇಳಿದವರಿಗೆ ಅವಳು ದಿನಕ್ಕೊಂದು ಕಥೆ ಹೇಳಿ ನಗಿಸುತ್ತಿದ್ದಳು. ಅವನು ಆ ಕಥೆಗಳನ್ನು ಕೇಳಿ ಎಲ್ಲರ ಜೊತೆ ನಗುತ್ತಿದ್ದ.

ನಿವೃತ್ತಿಯಾದ ವರ್ಷ ಅಕ್ಕ ಒಂದು ಕಾರು ಕೊಂಡಳು. ಕೆನೆ ಬಣ್ಣದ, ಆಗಲೇ ಮುದಿಯಾಗಿದ್ದ ಕಾರು. ಅದರ ಬಾಗಿಲು ಹಾಕಿದರೆ ಕಬ್ಬಿಣದ ಬೀರು ಮುಚ್ಚಿದಂತೆ ಸದ್ದಾಗುತ್ತಿತ್ತು. ಅಕ್ಕ ಓಡಿಸುವುದನ್ನು ಕಲಿಯಲಿಲ್ಲ. ಸ್ಟಿಯರಿಂಗು ತಮ್ಮನ ಕೈಯಲ್ಲಿ, ಕಾರು ಅಕ್ಕನ ಬಾಯಲ್ಲಿ. ಮೆಲ್ಲಗೆ, ಮುಂದೆ ಸೈಕಲ್ಲು, ಅಯ್ಯೋ ಆ ಅಂಗಡಿ ಮುಚ್ಚಿಬಿಟ್ಟಿದ್ದಾರಲ್ಲ, ನಿಲ್ಲಿಸು ಕೇಳೋಣ. ಮಂಡಿ ನೋವಿನವಳಾದ್ದರಿಂದ ಪಕ್ಕದ ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿ, ಕಾಲು ಚಾಚಿ, ಸಿಂಹಾಸನದ ಮೇಲೆ ಕೂತಂತೆ ಕೂತು ಊರೆಲ್ಲ ಸುತ್ತುತ್ತಿದ್ದಳು.

ಅಂಥ ಅಕ್ಕ ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಅಡುಗೆಮನೆಯಲ್ಲಿ ಕುಸಿದು ಕೂತಳು. ತಮ್ಮನೇ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವಳು ಒಂದು ಮಾತೂ ಆಡಲಿಲ್ಲ. ಅದರಿಂದಲೇ ಅವನಿಗೆ ಗೊತ್ತಾಯಿತು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು.

ಬಂದವರೆಲ್ಲ ಅತ್ತರು, ತಮ್ಮ ಅಳಲಿಲ್ಲ. ಗಟ್ಟಿಗ ಎಂದು ಕೆಲವರು ಹೊಗಳಿದರು, ಕಲ್ಲು ಎಂದು ಕೆಲವರು ಅಂದುಕೊಂಡರು. ಎರಡೂ ಸುಳ್ಳು. ಅಳುವುದಕ್ಕೂ ಒಂದು ಶುರು ಬೇಕಾಗುತ್ತದೆ, ಯಾರೋ ಒಬ್ಬರು ಮೊದಲು ಬಾಯಿ ತೆರೆಯಬೇಕಾಗುತ್ತದೆ. ಅವನ ಬದುಕಿನಲ್ಲಿ ಆ ಕೆಲಸ ಯಾವತ್ತೂ ಅಕ್ಕನದಾಗಿತ್ತು.

ಆಮೇಲೆ ಮನೆ ಎನ್ನುವುದು ಬರೀ ಕೋಣೆಗಳಾಯಿತು. ಅವನು ಬೆಳಿಗ್ಗೆ ಎದ್ದು ಎರಡು ಲೋಟ ತೆಗೆದು ಒಂದನ್ನು ವಾಪಸ್ಸು ಇಡುತ್ತಿದ್ದ. ಅಂಗಡಿಗೆ ಹೋಗಿ ಕಿಂಡಿಯಲ್ಲಿ ಗಾಜು ಇಟ್ಟು, ಸಂಜೆ ಬಂದು ರೇಡಿಯೊ ಹಾಕಿ ಅದರೆದುರು ಕೂರುತ್ತಿದ್ದ. ಒಮ್ಮೊಮ್ಮೆ ಮಲಗುವ ಹೊತ್ತಿಗೆ ಇಡೀ ದಿನ ಬಾಯಿ ಬಿಟ್ಟೇ ಇಲ್ಲವೆನ್ನುವುದು ನೆನಪಾಗಿ, ಸುಮ್ಮನೆ ಕೆಮ್ಮಿ ಗಂಟಲು ಇದೆಯೇ ಎಂದು ನೋಡಿಕೊಳ್ಳುತ್ತಿದ್ದ. ಪಕ್ಕದ ಮನೆಯವರು ಮೊದಮೊದಲು ಬಂದು ಮಾತಾಡಿಸಿದರು. ಹ್ಞೂಂ, ಹೌದು, ಇಲ್ಲ ಎನ್ನುವುದನ್ನು ಬಿಟ್ಟು ಬೇರೆ ಉತ್ತರ ಬಾರದೆ ಅವರಿಗೂ ಸಾಕಾಯಿತು. ಅವರ ತಪ್ಪೇನೂ ಇಲ್ಲ. ಗೋಡೆಯ ಜೊತೆ ಎಷ್ಟು ದಿನ ಮಾತಾಡುತ್ತಾರೆ?

ಮಳೆ ಶುರುವಾದ ಮೇಲೆ ಒಂದು ದಿನ ಅವನು ಕಾರನ್ನು ಬಂಕಿಗೆ ತೆಗೆದುಕೊಂಡು ಹೋದ. ಅದು ಮೊದಲಿನಿಂದಲೂ ಅವರು ಪೆಟ್ರೋಲು ಹಾಕಿಸುತ್ತಿದ್ದ ಬಂಕು. ಅಲ್ಲಿ ಪೈಪು ಹಿಡಿಯುವ ಹೆಂಗಸೊಬ್ಬಳಿದ್ದಳು, ನಲವತ್ತರ ಆಸುಪಾಸು, ನೀಲಿ ಅಂಗಿ, ತಲೆಗೆ ಟೋಪಿ. ಅಕ್ಕ ಆಕೆಯ ಜೊತೆ ಕಾರಿನ ಕಿಟಕಿಯಿಂದಲೇ ನಂಟು ಬೆಳೆಸಿದ್ದಳು. ಹಿಂದಿನ ಗಾಡಿಗಳು ಹಾರನ್ನು ಹೊಡೆದು ಹೊಡೆದು ಸುಸ್ತಾಗುವವರೆಗೂ ಇಬ್ಬರ ಮಾತು ಮುಗಿಯುತ್ತಿರಲಿಲ್ಲ. ಬಂಕಿನಾಕೆಯ ಗಂಡ ಬಿಟ್ಟು ಹೋದದ್ದು, ಮಗಳು ನರ್ಸ್ ಆಗಲು ಓದುತ್ತಿರುವುದು, ಎಲ್ಲವೂ ಅಕ್ಕನಿಗೆ ಗೊತ್ತಿತ್ತು. ತಮ್ಮನಿಗೂ ಗೊತ್ತಿತ್ತು, ಅವನು ಸ್ಟಿಯರಿಂಗಿನ ಹಿಂದೆ ಕೂತು ಎಲ್ಲ ಕೇಳಿಸಿಕೊಂಡಿದ್ದ.

ಆ ದಿನ ಆಕೆ ಮಾಮೂಲು ಜಾಗದಲ್ಲಿ ಇರಲಿಲ್ಲ. ಗಾಳಿ ತುಂಬುವ ಯಂತ್ರದ ಪಕ್ಕದ ಒಂಟಿ ಪಂಪಿನಿಂದ ಕೈ ಬೀಸಿ ಕರೆದಳು.

"ಅಣ್ಣ, ಈ ಕಡೆ ಬನ್ನಿ. ನನ್ನನ್ನ ಇಲ್ಲಿಗೆ ಹಾಕಿದ್ದಾರೆ. ಇಲ್ಲಿ ಪ್ರೀಮಿಯಂ ಪೆಟ್ರೋಲು ಮಾತ್ರ, ರೇಟು ಜಾಸ್ತಿ, ಅದಕ್ಕೇ ನೋಡಿ, ನೊಣ ಹೊಡೀತಾ ಕೂತಿದ್ದೀನಿ. ಎಲ್ಲಿ ಅಕ್ಕ? ಒಬ್ರೇ ಬಂದ್ರಾ?"

ಎರಡೇ ಮಾತು ಹೇಳಬೇಕಿತ್ತು. ತಮ್ಮ ಅದಕ್ಕಾಗಿಯೇ ಬಾಯಿ ತೆರೆದ. ಆದರೆ ಆಕೆ ಅಕ್ಕನನ್ನು ಹುಡುಕುತ್ತ ಮುಖ ಅರಳಿಸಿಕೊಂಡೇ ಬಗ್ಗಿ ಕಿಟಕಿಯೊಳಗೆ ನೋಡುತ್ತಿದ್ದಳು. ಆ ಮುಖವನ್ನು ಬಾಡಿಸುವುದು ಅವನ ಕೈಲಾಗಲಿಲ್ಲ.

"ಮನೇಲಿದ್ದಾರೆ," ಎಂದ. "ಮಂಡಿ ನೋವು."

"ಅಯ್ಯೋ, ಈ ಮಳೇಲಿ ನೋವು ಹೆಚ್ಚೇ ಆಗುತ್ತೆ. ನಾನು ಕೇಳ್ದೆ ಅಂತ ಹೇಳಿ. ಪ್ರೀಮಿಯಂ ಪರವಾಗಿಲ್ವಾ?"

"ಹಾಕಿ."

ಮನೆಗೆ ಬಂದು ಬಾಗಿಲ ಬೀಗ ತೆಗೆಯುವಾಗ ಅವನ ಕೈ ಒಂದು ಕ್ಷಣ ಅವಸರ ಮಾಡಿತು, ಒಳಗೆ ಯಾರೋ ಮಂಡಿ ನೀವಿಕೊಳ್ಳುತ್ತ ಕೂತಿರುವ ಹಾಗೆ. ಬಾಗಿಲು ತೆರೆದಾಗ ಯಾರೂ ಇರಲಿಲ್ಲ. ಆದರೆ ಆ ಒಂದು ಕ್ಷಣದ ಅವಸರ ಅವನಿಗೆ ಹಿಡಿಸಿತು.

ಹೀಗೆ ಶುರುವಾದದ್ದು ವಾರ ವಾರದ ರೂಢಿಯಾಯಿತು. ಊರಿನಲ್ಲಿ ಎಲ್ಲ ಕಡೆ ಅಕ್ಕ ಸತ್ತಿದ್ದಳು. ಅಂಗಡಿಯಲ್ಲಿ, ಬೀದಿಯಲ್ಲಿ, ಬ್ಯಾಂಕಿನಲ್ಲಿ. ಆ ಒಂಟಿ ಪಂಪಿನ ಪಕ್ಕದಲ್ಲಿ ಮಾತ್ರ ಆಕೆ ಇನ್ನೂ ಇದ್ದಳು, ಮಂಡಿ ನೋವಿನಿಂದ ಮನೆಯಲ್ಲಿ ಗೊಣಗಿಕೊಂಡು ಕೂತಿದ್ದಳು. ಅಲ್ಲಿ ಗಿರಾಕಿಗಳ ಗದ್ದಲವಿಲ್ಲ, ಬಂಕಿನಾಕೆಗೆ ಪುರುಸೊತ್ತು ಬೇಕಾದಷ್ಟು. ತಮ್ಮ ಕಾರಿನಿಂದ ಇಳಿದು ನಿಂತು ಮಾತಾಡತೊಡಗಿದ. ನಂಬುವುದು ಕಷ್ಟ, ಆದರೆ ಮಾತಾಡಿದ. ಅಕ್ಕನಿಗೆ ಟಿವಿಯಲ್ಲಿ ಬರುವ ಅಡುಗೆಯವನನ್ನು ಕಂಡರೆ ಆಗುವುದಿಲ್ಲ ಎಂದ. ಅಕ್ಕ ನೆನ್ನೆ ತರಕಾರಿಯವನ ಜೊತೆ ಕಾಲು ಕೆರೆದು ಜಗಳ ತೆಗೆದಳು ಎಂದ. ಆಕೆ ಟೋಪಿ ಹಿಂದಕ್ಕೆ ಸರಿಸಿಕೊಂಡು ನಗುತ್ತಿದ್ದಳು. ತನ್ನ ಮಾತಿಗೆ ಯಾರಾದರೂ ನಕ್ಕದ್ದು ಅವನಿಗೆ ಅದೇ ಮೊದಲು. ಅದು ಅಕ್ಕನ ಮಾತಾಗಿತ್ತು ಎನ್ನುವುದು ಬೇರೆ ವಿಚಾರ.

ಒಂದು ತೊಡಕಿತ್ತು. ಟ್ಯಾಂಕು ಖಾಲಿಯಾಗದೆ ಬಂಕಿಗೆ ಹೋಗುವ ಹಾಗಿಲ್ಲ, ಮನೆಯಿಂದ ಅಂಗಡಿಗೆ ಅವನು ನಡೆದೇ ಹೋಗುತ್ತಿದ್ದ. ಹಾಗಾಗಿ ಸಂಜೆ ಹೊತ್ತು ಕಾರು ತೆಗೆದು ಊರ ಹೊರಗಿನ ರಸ್ತೆಯಲ್ಲಿ ಸುಮ್ಮನೆ ಸುತ್ತಿ ಬರುತ್ತಿದ್ದ. ಪೆಟ್ರೋಲು ಹಾಕಿಸಬೇಕೆಂದು ಪೆಟ್ರೋಲು ಸುಡುವ ಮನುಷ್ಯನನ್ನು ಏನೆನ್ನಬೇಕು? ನೀವು ಏನಾದರೂ ಅನ್ನಿ. ಖಾಲಿ ಸೀಟಿನ ಪಕ್ಕದಲ್ಲಿ ಕೂತು, ಪೆಟ್ರೋಲಿನ ಮುಳ್ಳು ಕೆಳಗಿಳಿಯುವುದನ್ನು ಕಾಯುತ್ತ, ಮುಂದಿನ ಸಲ ಅಕ್ಕ ಏನು ಹೇಳಿದಳೆಂದು ಹೇಳಬೇಕು ಎಂದು ಅವನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದ.

ಮಳೆ ನಿಂತು ಚಳಿ ಬಿದ್ದಾಗ ಬಂಕಿನಾಕೆ ಒಂದು ದಿನ ನಗಲಿಲ್ಲ. ಪೈಪನ್ನು ಟ್ಯಾಂಕಿಗೆ ಸಿಕ್ಕಿಸಿ, ದನಿ ತಗ್ಗಿಸಿ ಹೇಳಿದಳು.

"ಅಣ್ಣ, ಅಕ್ಕನ್ನ ಒಂದು ಮಾತು ಕೇಳ್ಕೊಂಡು ಬನ್ನಿ. ನನ್ನ ಗಂಡ ವಾಪಸ್ ಬರ್ತೀನಿ ಅಂತ ಹೇಳಿ ಕಳಿಸಿದ್ದಾನೆ. ಮಗಳು ಬೇಡ ಅಂತಾಳೆ. ನನಗೆ ಏನ್ಮಾಡಬೇಕೋ ಗೊತ್ತಾಗ್ತಿಲ್ಲ. ಅಕ್ಕ ಏನು ಹೇಳಿದ್ರೆ ಹಾಗೆ."

ಇಷ್ಟು ದಿನ ಹೇಳಿದ್ದು ಅಡುಗೆಯವನ ಮಾತು, ತರಕಾರಿಯವನ ಮಾತು. ಇದು ಹಾಗಲ್ಲ. ಆಗಲಾದರೂ ನಿಜ ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ಅವನು ಹ್ಞೂಂ ಎಂದು ತಲೆಯಾಡಿಸಿ ಬಂದ. ವಾರವಿಡೀ ಗಾಜು ಉಜ್ಜುತ್ತ ಅದನ್ನೇ ಯೋಚಿಸಿದ. ಒಂದು ಗಾಜು ಅಳತೆ ಮೀರಿ ಸವೆದು ಹಾಳಾಯಿತು, ಹಾಗೆ ಎಂದೂ ಆಗಿರಲಿಲ್ಲ. ಕೊನೆಗೆ ಒಂದು ಉತ್ತರ ಹೊಂದಿಸಿಕೊಂಡು ಹೋದ.

"ಬರೋದಾದ್ರೆ ಬರಲಿ, ಆದ್ರೆ ಬೀಗದ ಕೈ ಮಾತ್ರ ನಿನ್ನ ಹತ್ರಾನೇ ಇರಲಿ ಅಂದ್ರು ಅಕ್ಕ."

ಆಕೆ "ಸರಿ" ಎಂದಳು. ಮುಂದಿನ ಸಲ ಅವನು ಹೋದಾಗ ಓಡಿಕೊಂಡೇ ಬಂದಳು.

"ಬಂದಿದ್ದ ಅಣ್ಣ. ಊಟ ಹಾಕ್ದೆ. ಉಂಡವನೇ ಬೀಗದ ಕೈ ಒಂದು ನನಗೂ ಕೊಡು ಅಂದ. ಕೊಡಲ್ಲ ಅಂದೆ. ಮುಖ ಕೆಂಪು ಮಾಡ್ಕೊಂಡು ಎದ್ದು ಹೋದ. ಹೋದದ್ದೇ ಒಳ್ಳೇದಾಯ್ತು. ಅಕ್ಕನ ಮಾತು ಕೇಳಿ ನಾನು ಬದುಕಿದೆ." ಒಳಗೆ ಹೋಗಿ ಒಂದು ಪುಟ್ಟ ದಿಂಬು ತಂದು ಪಕ್ಕದ ಸೀಟಿನ ಮೇಲಿಟ್ಟಳು. "ಮಗಳ ಕೈಲಿ ಹೊಲಿಸಿದ್ದು. ಅಕ್ಕ ಮಂಡಿ ಕೆಳಗೆ ಇಟ್ಕೊಳ್ಳಲಿ."

ಆ ದಿಂಬನ್ನು ಅವನು ಮನೆಯೊಳಗೆ ತರಲಿಲ್ಲ. ತಂದರೆ ಅಕ್ಕನ ಮಂಚದ ಮೇಲೆ ಇಡಬೇಕಾಗುತ್ತಿತ್ತು. ಸೀಟಿನ ಮೇಲೆಯೇ ಬಿಟ್ಟ.

ಆ ಹೊತ್ತಿಗೆ ಕಾರಿನೊಳಗೆ ಪೆಟ್ರೋಲಿನ ವಾಸನೆ ಶುರುವಾಗಿತ್ತು. ಮೊದಲು ಬೆಳಿಗ್ಗೆ ಬಾಗಿಲು ತೆರೆದಾಗ ಮಾತ್ರ, ಆಮೇಲೆ ಓಡುವಾಗಲೂ. ಮನೆ ಪಕ್ಕದ ಶೆಡ್ಡಿನ ನೆಲದ ಮೇಲೆ ಒಂದು ಸಣ್ಣ ಕಲೆ ಬಿದ್ದಿತು. ತಮ್ಮ ಕಾರನ್ನು ಹಿಂದಿನ ಓಣಿಯ ಮೆಕ್ಯಾನಿಕ್ಕಿನ ಹತ್ತಿರ ಒಯ್ದ. ಮೆಕ್ಯಾನಿಕ್ ವಯಸ್ಸಿನಲ್ಲಿ ಕಿರಿಯನಾದ್ದರಿಂದ ಬರೀ ತಮ್ಮ ಎನ್ನಲು ಬಾಯಿ ಬಾರದೆ ತಮ್ಮಣ್ಣ ಎಂದು ಕರೆಯುತ್ತಿದ್ದ. ಅಕ್ಕನ ಶವಕ್ಕೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ.

ಬಾನೆಟ್ ಎತ್ತಿ, ಟಾರ್ಚು ಬಿಟ್ಟು, ಕಪ್ಪು ರಬ್ಬರ್ ಪೈಪೊಂದನ್ನು ಎರಡು ಬೆರಳಲ್ಲಿ ಹಿಸುಕಿದ. ಪೈಪು ನೆನೆದ ಬ್ರೆಡ್ಡಿನಂತೆ ಮೆತ್ತಗಾಗಿತ್ತು. ಬೆರಳಿಗೆಲ್ಲ ಮಸಿ ಅಂಟಿತು.

"ತಮ್ಮಣ್ಣ, ಇದಕ್ಕೆ ಏನು ಕುಡಿಸ್ತಾ ಇದ್ದೀರಿ?"

"ಪ್ರೀಮಿಯಂ."

"ಇದಕ್ಕಾ?" ಮೆಕ್ಯಾನಿಕ್ಕಿಗೆ ನಗು ಬಂತು. "ಅದು ಹೊಸ ಗಾಡಿಗಳಿಗೆ ಸರಿ. ಆಕ್ಟೇನ್ ಜಾಸ್ತಿ ಅಂದ್ರೆ ಶಕ್ತಿ ಜಾಸ್ತಿ ಅಂತ ಜನ ತಿಳ್ಕೊಂಡಿದ್ದಾರೆ. ಹಾಗೇನಿಲ್ಲ, ಒತ್ತಡ ಜಾಸ್ತಿ ಇರೋ ಇಂಜಿನ್ನಲ್ಲಿ ಹೊತ್ತಿಗೆ ಮುಂಚೆ ಹತ್ಕೊಳ್ದೇ ತಡ್ಕೊಳ್ಳುತ್ತೆ, ಅಷ್ಟೇ. ನಿಮ್ಮದು ಮುದುಕಿ, ಅವಳಿಗೆ ಅದು ಬೇಕಾಗೇ ಇಲ್ಲ. ಆಕ್ಟೇನಿಂದ ರಬ್ಬರ್ ಕೆಡಲ್ಲ, ಆದ್ರೆ ಅದರಲ್ಲಿ ಇಂಜಿನ್ ತೊಳೆಯೋಕೆ ಅಂತ ಏನೇನೋ ಸೇರಿಸಿರ್ತಾರೆ, ಸ್ಪಿರಿಟ್ಟೂ ಇರುತ್ತೆ. ಎಲ್ಲ ಕಡೆಯದ್ದೂ ಹೀಗೇ ಅಂತ ಹೇಳಲ್ಲ. ನಿಮ್ಮ ಕಾರಿನ ಹಳೇ ಕಾಲದ ರಬ್ಬರಿಗಂತೂ ಅದು ಆಗಿಬಂದಿಲ್ಲ, ಕಣ್ಣೆದುರಿಗೇ ಇದೆ. ಪೈಪು ಹೊಸದು ಹಾಕಬಹುದು. ಪೆಟ್ರೋಲ್ ಪಂಪಿನೊಳಗಿನ ರಬ್ಬರ್ ಹಾಳೆ, ಕಾರ್ಬೊರೇಟರ್ ವಾಷರ್ರು, ಇವು ಈಗ ಎಲ್ಲೂ ಸಿಗಲ್ಲ. ಅವೂ ಹೋದ್ರೆ ಗಾಡಿ ಮೂಲೆಗೆ. ಇದು ಸೋರಿ ಬಿಸಿ ಇಂಜಿನ್ ಮೇಲೆ ಬಿತ್ತು ಅಂದ್ರೆ ನೀವೂ ಇರಲ್ಲ. ಯಾರು ಹೇಳಿದ್ದು ನಿಮಗೆ ಇದನ್ನ ಹಾಕಿ ಅಂತ?"

"ಅಕ್ಕ ಹೇಳಿದ್ರು," ಎಂದ ತಮ್ಮ.

ಬಾಯಿಂದ ತಾನಾಗಿ ಜಾರಿದ ಮಾತು. ವಾರ ವಾರ ಆಡಿ ಆಡಿ ನಾಲಿಗೆಗೆ ಅದೇ ದಾರಿ ಅಭ್ಯಾಸವಾಗಿಬಿಟ್ಟಿತ್ತು. ಮೆಕ್ಯಾನಿಕ್ ಟಾರ್ಚು ಆರಿಸಿ ಅವನ ಮುಖ ನೋಡಿದ.

"ಅಕ್ಕ ಯಾವಾಗ ಹೇಳಿದ್ರು, ತಮ್ಮಣ್ಣ?"

ತಮ್ಮ ಬಾನೆಟ್ಟಿನ ಕಡೆ ತಿರುಗಿದ. ಮೆಕ್ಯಾನಿಕ್ ಮತ್ತೆ ಕೇಳಲಿಲ್ಲ. ಎರಡು ದಿನ ಬಿಟ್ಟು ಬನ್ನಿ, ಹೊಸ ಪೈಪು ತರಿಸಿರುತ್ತೇನೆ, ಅಲ್ಲಿಯವರೆಗೆ ಗಾಡಿ ತೆಗೆಯಬೇಡಿ, ಇನ್ನು ಮುಂದೆ ಸಾದಾ ಪೆಟ್ರೋಲೇ ಹಾಕಿಸಿ ಎಂದ. ಇಬ್ಬರೂ ಸೇರಿ ಕಾರನ್ನು ಶೆಡ್ಡಿಗೆ ದೂಡಿದರು, ಹೋಗುವಾಗ ಮೆಕ್ಯಾನಿಕ್ ಅವನ ಭುಜದ ಮೇಲೆ ಒಂದು ಸಲ ಕೈಯಿಟ್ಟ. ಅಂಗಿಗೆ ಮಸಿಯಾಯಿತು.

ಸಾದಾ ಪೆಟ್ರೋಲೆಂದರೆ ಆ ಕಡೆಯ ಸಾಲು. ಹಿಂದೊಂದು ಮುಂದೊಂದು ಗಾಡಿ, ಪೈಪು ಹಿಡಿಯುವವನು ಮುಖ ಎತ್ತಿಯೂ ನೋಡುವುದಿಲ್ಲ. ಆಕೆ ದೂರದಲ್ಲಿ ಒಂಟಿ ಪಂಪಿನ ಹತ್ತಿರ ಇರುತ್ತಾಳೆ. ಒಂದು ಕಡೆ ಅಕ್ಕನ ಕಾರು ಉಳಿಯುತ್ತದೆ, ಇನ್ನೊಂದು ಕಡೆ ಅಕ್ಕ. ತಮ್ಮ ಮನೆಯಲ್ಲಿ ಕೂತು ಇದನ್ನೇ ಯೋಚಿಸಿದ. ಪ್ರೀತಿಯಿದ್ದ ಕಡೆ ಬುದ್ಧಿ ಹೇಗೆ ಕೈಕೊಡುತ್ತದೆ ನೋಡಿ, ಆ ಎರಡು ದಿನ ಕಾಯುವುದೂ ಅವನಿಂದಾಗಲಿಲ್ಲ. ಮಾರನೆಯ ದಿನ ಅಂಗಡಿಗೆ ರಜ. ಇನ್ನೊಂದೇ ಒಂದು ಸಲ, ಅಕ್ಕನಿಗೆ ದಿಂಬು ಬಹಳ ಹಿಡಿಸಿತು ಎಂದು ಹೇಳಿ ಬಂದುಬಿಡೋಣ ಎಂದು ಕಾರು ತೆಗೆದ.

ಪಂಪಿನ ಮುಂದೆ ನಿಲ್ಲಿಸಿ ಇನ್ನೂ ಕೆಳಗೆ ಇಳಿದಿರಲಿಲ್ಲ, ಬಂಕಿನಾಕೆಯ ಮೂಗು ಅರಳಿತು. ಬಗ್ಗಿ ಕಾರಿನ ಕೆಳಗೆ ನೋಡಿದಳು. ಸಿಮೆಂಟಿನ ನೆಲದ ಮೇಲೆ ಹನಿ ಹನಿಯಾಗಿ ಬೀಳುತ್ತಿತ್ತು.

"ಕೀ ತೆಗೀರಿ. ಇಳೀರಿ ಅಣ್ಣ, ಬೇಗ."

ಆ ದನಿ ಅವನು ಕೇಳಿದ್ದ ದನಿಯಲ್ಲ. ಆಕೆ ಪೈಪನ್ನು ಅದರ ಜಾಗಕ್ಕೆ ಸಿಕ್ಕಿಸಿದಳು, ಮರಳಿನ ಬಕೆಟ್ಟನ್ನು ತಂದು ನೆಲದ ಮೇಲೆ ಸುರಿದಳು, ಇನ್ನೊಬ್ಬನನ್ನು ಕೂಗಿ ಕರೆದಳು. ಮೂವರೂ ಸೇರಿ ಕಾರನ್ನು ದೂಡಿಕೊಂಡು ಹೋಗಿ ಬಂಕಿನ ಹೊರಗಿನ ಗೋಡೆಯ ಪಕ್ಕ ನಿಲ್ಲಿಸಿದರು. ಆ ಇನ್ನೊಬ್ಬ ವಾಪಸ್ಸು ಹೋದ. ಆಕೆ ತಮ್ಮನ ಕಡೆ ತಿರುಗಿದಳು.

"ನಿಮಗೆ ವಾಸನೆ ಬರ್ಲಿಲ್ವಾ?"

"ಬಂತು. ಮೆಕ್ಯಾನಿಕ್ ತೆಗೀಬೇಡಿ ಅಂದಿದ್ದ."

"ಅಂದಿದ್ದ, ಆದ್ರೂ ತಂದ್ರಾ?" ಆಕೆಗೆ ಈಗ ಸಿಟ್ಟು ನೆತ್ತಿಗೇರಿತು. ತೆರೆದ ಬಾಗಿಲಿನಿಂದ ಪಕ್ಕದ ಸೀಟನ್ನು, ಅದರ ಮೇಲಿನ ದಿಂಬನ್ನು ತೋರಿಸಿದಳು. "ಇಲ್ಲಿ ಕೂರಿಸ್ತೀರಲ್ಲ ಅಕ್ಕನ್ನ? ಬೆಂಕಿ ಹತ್ಕೊಂಡಿದ್ರೆ ಆ ಮಂಡಿ ಇಟ್ಕೊಂಡು ಆಕೆ ಇಳಿದು ಓಡೋಕಾಗುತ್ತಾ? ನೀವು ಇಳಿದು ಓಡ್ತೀರಿ. ಆಕೆ ಏನ್ಮಾಡಬೇಕು? ಫೋನ್ ಹಚ್ಚಿ ಅಕ್ಕನಿಗೆ. ನಾನೇ ಹೇಳ್ತೀನಿ ನಿಮ್ಮ ಬುದ್ಧಿವಂತಿಕೇನ."

ತಮ್ಮ ಫೋನು ತೆಗೆಯಲಿಲ್ಲ. ಗೋಡೆಗೆ ಒರಗಿ ನಿಂತ.

"ಅಕ್ಕ ಇಲ್ಲ," ಎಂದ.

"ಎಲ್ಲಿಗೆ ಹೋಗಿದ್ದಾರೆ?"

"ಇಲ್ಲ. ಮಳೆಗೆ ಮುಂಚೆನೇ ಹೋದ್ರು. ಎದೆ ನೋವು ಬಂತು."

ಬಂಕಿನಾಕೆ ಟೋಪಿ ತೆಗೆದಳು. ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತಳು. ಅವಳ ಮನಸ್ಸು ಹಿಂದಕ್ಕೆ ಹೋಗುತ್ತಿರುವುದು, ಒಂದೊಂದೇ ವಾರವನ್ನು ಮತ್ತೆ ತೆರೆದು ನೋಡುತ್ತಿರುವುದು ಅವನಿಗೆ ಕಾಣುತ್ತಿತ್ತು.

"ತರಕಾರಿಯವನ ಜೊತೆ ಜಗಳ?"

"ಅದು ಹೋದ ವರ್ಷದ್ದು."

"ಬೀಗದ ಕೈ ಮಾತು?"

"ಅದು ನನ್ನದು. ಅಕ್ಕ ಇದ್ದಿದ್ರೆ ಹಾಗೇ ಹೇಳ್ತಿದ್ರು ಅಂತ..."

"ಹಾಗೆ ಹೇಳ್ತಿರ್ಲಿಲ್ಲ," ಎಂದಳು ಆಕೆ. "ಅವನನ್ನ ಇಲ್ಲಿಗೆ ಕರ್ಕೊಂಡು ಬಾ, ನಾನೊಂದ್ಸಲ ವಿಚಾರಿಸ್ಕೋತೀನಿ ಅಂತಿದ್ರು."

ಅದು ನಿಜ. ಕೇಳಿದೊಡನೆ ಅವನಿಗೆ ಗೊತ್ತಾಯಿತು, ಅಕ್ಕ ಅಕ್ಷರಶಃ ಹಾಗೆಯೇ ಹೇಳುತ್ತಿದ್ದಳು. ಇಷ್ಟು ದಿನ ಅಕ್ಕನ ಹೆಸರಿನಲ್ಲಿ ಆಡಿದ್ದೆಲ್ಲ ತನ್ನದೇ ದನಿ ಎನ್ನುವುದು ಅವನಿಗೆ ಹೊಳೆದದ್ದು ಆಗಲೇ.

"ನಾನು ಮೋಸ ಮಾಡಬೇಕು ಅಂತ..." ಎಂದು ಶುರು ಮಾಡಿದ.

"ಮೋಸದ ಮಾತು ಬಿಡಿ." ಆಕೆಯ ಕಣ್ಣು ತುಂಬಿತ್ತು, ದನಿ ಮಾತ್ರ ಗಡಸಾಗಿತ್ತು. "ಇಷ್ಟು ದಿನ ನಾನು ನಗ್ತಾ ಇದ್ದೆನಲ್ಲ ಅಣ್ಣ. ಆಕೆ ಸತ್ತು ತಿಂಗಳುಗಟ್ಟಲೆ ಆದ್ಮೇಲೂ ನಾನಿಲ್ಲಿ ನಿಂತು ಹಲ್ಲು ಕಿಸೀತಾ ಇದ್ದೆ. ನನಗೂ ಅವರು ಅಕ್ಕನೇ ಅಲ್ವಾ? ನನಗೆ ಅಳೋದಕ್ಕೂ ಬಿಡ್ಲಿಲ್ಲವಲ್ಲ ನೀವು."

ಟೋಪಿ ಹಾಕಿಕೊಂಡು ಹೋಗಿಬಿಟ್ಟಳು. ಒಂಟಿ ಪಂಪಿನ ಪಕ್ಕ ಬೆನ್ನು ಈ ಕಡೆ ಮಾಡಿ ನಿಂತವಳು ತಿರುಗಿ ನೋಡಲಿಲ್ಲ. ತಮ್ಮ ಫೋನು ಮಾಡಿದ ಮೇಲೆ ಮೆಕ್ಯಾನಿಕ್ ಬಂದು, ಏನೂ ಕೇಳದೆ, ಕಾರನ್ನು ಹಗ್ಗ ಕಟ್ಟಿ ಎಳೆದುಕೊಂಡು ಹೋದ.

ಆಮೇಲಿನ ದಿನಗಳನ್ನು ಬಣ್ಣಿಸುವುದರಲ್ಲಿ ಅರ್ಥವಿಲ್ಲ. ಅಕ್ಕ ಸತ್ತ ವಾರಕ್ಕಿಂತ ಅವು ಕೆಟ್ಟವಾಗಿದ್ದವು. ಆಗ ಒಂದು ಕಡೆಯಾದರೂ ಅವಳನ್ನು ಉಳಿಸಿಕೊಳ್ಳಲು ಸಾಧ್ಯವಿತ್ತು, ಈಗ ಅಲ್ಲೂ ಅವಳು ಸತ್ತಿದ್ದಳು, ಸುದ್ದಿ ಮುಟ್ಟಿಸಿದವನು ಅವನೇ. ರೇಡಿಯೊ ಹಾಕುವುದನ್ನೂ ಬಿಟ್ಟ. ಮೆಕ್ಯಾನಿಕ್ ಹೊಸ ಪೈಪು ಹಾಕಿ, ಉಳಿದ ರಬ್ಬರುಗಳು ದೇವರ ದಯೆಯಿಂದ ಇನ್ನೂ ಗಟ್ಟಿ ಇವೆ ಎಂದು ಹೇಳಿ, ಕಾರನ್ನು ತಾನೇ ಶೆಡ್ಡಿಗೆ ತಂದು ಬಿಟ್ಟು ಹೋದ. ಕಾರು ನಿಂತಲ್ಲೇ ನಿಂತಿತು. ತಮ್ಮ ಸಂಜೆ ಹೊತ್ತು ಶೆಡ್ಡಿನ ಬಾಗಿಲು ತೆರೆದು ಅದನ್ನೊಮ್ಮೆ ನೋಡಿ ಮತ್ತೆ ಮುಚ್ಚುತ್ತಿದ್ದ.

"ಮುದುಕೀನ ನಿಲ್ಲಿಸಿದ್ರೆ ಇನ್ನೂ ಬೇಗ ಹಾಳಾಗ್ತಾಳೆ ತಮ್ಮಣ್ಣ," ಎಂದು ಮೆಕ್ಯಾನಿಕ್ ದಾರಿಯಲ್ಲಿ ಸಿಕ್ಕಾಗ ಗದರಿದ. "ಪೆಟ್ರೋಲೂ ತಳ ಕಂಡಿದೆ ಅದರಲ್ಲಿ. ಹೋಗಿ ಸಾದಾ ಹಾಕಿಸ್ಕೊಂಡು ಒಂದು ಸುತ್ತು ಬನ್ನಿ."

ಬೇರೆ ಬಂಕಿಗೆ ಹೋಗಬಹುದಿತ್ತು. ಕಾರು ರಸ್ತೆಗೆ ಇಳಿದ ಮೇಲೆ ಎಂದಿನ ದಾರಿಯನ್ನೇ ಹಿಡಿಯಿತು, ಅವನೂ ತಡೆಯಲಿಲ್ಲ. ಸಾದಾ ಪೆಟ್ರೋಲಿನ ಸಾಲು ಗೇಟಿನ ಹೊರಗಿನವರೆಗೂ ಬಂದಿತ್ತು. ಅದರ ಬಾಲಕ್ಕೆ ನಿಂತ. ಒಂಟಿ ಪಂಪಿನ ಕಡೆ ನೋಡಬಾರದೆಂದು ಮುಂದಿನ ಗಾಡಿಯ ನಂಬರು ಓದುತ್ತ ಕೂತ. ಸಾಲು ಒಂದಿಷ್ಟು ಸರಿಯಿತು, ಅವನೂ ಸರಿದ.

ಪಕ್ಕದ ಬಾಗಿಲು ತೆರೆಯಿತು. ನೀಲಿ ಅಂಗಿ ಒಳಗೆ ಬಂತು. ಆಕೆ ಸೀಟಿನ ಮೇಲಿನ ದಿಂಬನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಳು. ಸೀಟು ಪೂರ್ತಿ ಹಿಂದಕ್ಕಿತ್ತು, ಆಕೆಯ ಕಾಲು ಅಕ್ಕನ ಕಾಲಿನಷ್ಟು ಮುಂದಕ್ಕೆ ಚಾಚಲಿಲ್ಲ. ಬೀರು ಮುಚ್ಚುವ ಸದ್ದಿನೊಂದಿಗೆ ಬಾಗಿಲು ಹಾಕಿಕೊಂಡಳು.

"ಊಟದ ಹೊತ್ತು ನನಗೆ," ಎಂದಳು ಮುಂದೆ ನೋಡುತ್ತ. "ಇನ್ನೊಬ್ಬಳನ್ನ ನಿಲ್ಲಿಸಿ ಬಂದಿದ್ದೀನಿ."

ತಮ್ಮ ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಸಿಟ್ಟು ಹೋಗಿಲ್ಲ ನನಗೆ. ಅದು ಬೇರೆ." ಆಕೆ ದಿಂಬಿನ ಅಂಚನ್ನು ಬೆರಳಿನಿಂದ ಮಡಚಿ ಬಿಡಿಸಿದಳು. "ಹೇಳಿ. ಹೇಗಾಯ್ತು? ಈಗ ಯಾರ ಮಾತೂ ಬೇಡ. ನೀವು ನೋಡಿದ್ದು ಹೇಳಿ."

ಅವನು ಬಾಯಿ ತೆರೆದ. "ಬೆಳಿಗ್ಗೆ ಹಾಲು ಕಾಯಿಸ್ತಾ ಇದ್ರು," ಎಂದ. "ನಾನು ಈಚೆ ಕೂತಿದ್ದೆ. ಒಳಗಿಂದ ಮಾತು ಕೇಳಿಸ್ತಾ ಇತ್ತು, ಇದ್ದಕ್ಕಿದ್ದ ಹಾಗೆ ನಿಂತುಹೋಯ್ತು. ಹೋಗಿ ನೋಡಿದ್ರೆ ಎದೆ ಹಿಡ್ಕೊಂಡು ಕೂತಿದ್ರು. ಈ ಸೀಟಲ್ಲೇ ಕರ್ಕೊಂಡು ಹೋದೆ. ದಾರಿಲಿ ಏನೂ ಮಾತಾಡ್ಲಿಲ್ಲ ಅಕ್ಕ. ಮುಂದೆ ಸೈಕಲ್ಲು ಬಂದ್ರೂ ಹೇಳ್ಲಿಲ್ಲ..."

ಅಲ್ಲಿಗೆ ಬಂದು ಪಕ್ಕಕ್ಕೆ ತಿರುಗಿದ. ಆಕೆ ಆಗಲೇ ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು, ಯಾವ ಸಂಕೋಚವೂ ಇಲ್ಲದೆ, ಸದ್ದು ಮಾಡಿ. ಅದನ್ನು ಕೇಳಿ ತಮ್ಮನಿಗೂ ಅಳು ಬಂತು. ಶುರುವಾದದ್ದು ನಿಲ್ಲಲಿಲ್ಲ. ಹಿಂದಿನ ಗಾಡಿಯವನು ಹಾರನ್ನು ಹೊಡೆದ. ತಮ್ಮ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು, ಗೇರು ಹಾಕಿ, ಒಂದು ಗಾಡಿಯಷ್ಟು ಮುಂದೆ ಹೋಗಿ ನಿಲ್ಲಿಸಿದ.

"ಆಮೇಲೆ?" ಎಂದಳು ಆಕೆ.

ಅವನು ಹೇಳತೊಡಗಿದ. ಮುಂದೆ ಇನ್ನೂ ಬಹಳ ಗಾಡಿಗಳಿದ್ದವು.